ಮರಳಿನಲ್ಲಿ ಹಿಮದ ಡೇರೆ

ರೆಜಿನಾ ನಾಲ್ಕನೆಯ ನೀರುದೋಸೆಯನ್ನು ಕಾವಲಿಯಿಂದ ಎಬ್ಬಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಶುಕ್ರವಾರದ ಬೆಳಗ್ಗೆ ಆರೂವರೆಗೆ, ಕೊಲ್ಲಿ ನಾಡಿನ ಮಹಬೂಲಾದ ಆ ಹದಿನಾಲ್ಕು ಮಾಳಿಗೆಯ ಕಟ್ಟಡದಲ್ಲಿ ಯಾರೂ ಯಾರಿಗೂ ಫೋನು ಮಾಡುವುದಿಲ್ಲ. ವಾರವಿಡೀ ದುಡಿದ ಮಂದಿ ರಜೆಯ ದಿನ ಮಗ್ಗುಲು ಬದಲಿಸುವ ಹೊತ್ತು ಅದು. ಮರುಭೂಮಿಯಲ್ಲಿ ರಾತ್ರಿ ಕಳೆಯಲು ಹೋದ ಗಂಡನೂ ಮಗಳೂ ಎಂಟಕ್ಕೆಲ್ಲ ಹಸಿದುಕೊಂಡು ಬಂದಾರೆಂದು ಅವಳು ಬೇಗ ಎದ್ದು ಅಕ್ಕಿ ರುಬ್ಬಿದ್ದಳು. ಫೋನಿನಲ್ಲಿ ಗಂಡ ಡೋಲ್ಫಿಯ ಹೆಸರು ಕಂಡಿತು. ಹಿಟ್ಟಿನ ಕೈಯನ್ನು ನೈಟಿಗೆ ಒರೆಸಿಕೊಂಡು ಎತ್ತಿದರೆ ದನಿ ಡೋಲ್ಫಿಯದಲ್ಲ.

“ಬಾಯಮ್ಮ, ನಾನು, ಅಹ್ಮದ್ ಬಾವಾ. ಹೆದರಬೇಡಿ. ಮಗು ಎದ್ದು ಕೂತಿದೆ.”

ಮಗುವಿನ ಸುದ್ದಿಯನ್ನು ಮೊದಲು ಹೇಳಿದವರು ದೊಡ್ಡವನ ಸುದ್ದಿಯನ್ನು ಯಾಕೆ ಹಿಂದಿಟ್ಟರೆಂದು ಹೊಳೆಯಲು ರೆಜಿನಾಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಡೋಲ್ಫಿ?”

“ಪೊರ್ಬುಗಳಿಗೆ ಎಚ್ಚರ ಇಲ್ಲ. ಉಸಿರು ಉಂಟು, ಅದು ಸರಿ ಉಂಟು. ಆಂಬುಲೆನ್ಸ್ ಬರಲಿಕ್ಕೆ ತುಂಬ ಹೊತ್ತಾಯಿತು, ಈಗ ನಾವು ಮೂರೂ ಜನ ಅದರಲ್ಲೇ ಇದ್ದೇವೆ. ಕೆಂಡದ ಗಾಳಿ ಕುಡಿದದ್ದು ಅಂತ ಹೇಳ್ತಾ ಇದ್ದಾರೆ ಇವರು. ನೀವು ಸೀದಾ ಆಸ್ಪತ್ರೆಗೆ ಬನ್ನಿ.”

ಅವಳು ಗ್ಯಾಸ್ ಆರಿಸಿದಳು. ನೈಟಿಯ ಮೇಲೆ ಉದ್ದ ಕೋಟು ಏರಿಸಿಕೊಂಡು ಲಿಫ್ಟಿನ ತನಕ ಹೋದವಳು ಹಿಂದೆ ಬಂದು, ತನ್ನದೂ ಮಗಳದೂ ಸಿವಿಲ್ ಐಡಿ ಹುಡುಕಿ ತೆಗೆದಳು. ಈ ಊರಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಓಡುವಾಗಲೂ ಆ ಕಾರ್ಡನ್ನು ಮರೆಯುವ ಹಾಗಿಲ್ಲ. ಕೆಳಗೆ ಸಿಕ್ಕಿದ ಟ್ಯಾಕ್ಸಿಯವನು ಅವಳ ಮುಖ ನೋಡಿ, ಬಾಡಿಗೆ ಕೇಳದೆ, “ಬೈಠೋ ಬಹನ್” ಎಂದ.

ಇದೆಲ್ಲ ಶುರುವಾದದ್ದು ಡೋಲ್ಫಿಗೆ ಹಿಮದ ಹುಚ್ಚು ಹಿಡಿದ ಮೇಲೆ. ಶುವೈಖಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಸೂಪರ್‌ವೈಸರ್. ಹೊರಗೆ ಐವತ್ತು ಡಿಗ್ರಿಯ ಬಿಸಿಲಿನಲ್ಲಿ ಡಾಂಬರು ಮೆತ್ತಗಾಗುತ್ತಿದ್ದರೆ ಅವನು ಮೈನಸ್ ಹದಿನೆಂಟರ ಕೋಣೆಯೊಳಗೆ ದಪ್ಪ ಜಾಕೆಟು, ಮಂಗನ ಟೋಪಿ ತೊಟ್ಟು ಕೋಳಿಯ ಪೆಟ್ಟಿಗೆ ಒಟ್ಟಿಸುತ್ತಿರುತ್ತಾನೆ. ಕಳೆದ ಅಕ್ಟೋಬರಿನಲ್ಲಿ ಊಟ ಮಾಡುತ್ತ ಮಾಡುತ್ತ ಒಮ್ಮೆಲೇ ಹೇಳಿದ್ದ: “ರೆಜ್ಜಿ, ಇಷ್ಟು ವರ್ಷ ಚಳಿಯಲ್ಲೇ ದುಡಿದೆ. ಆದರೆ ಎಲ್ಲ ಮಿಷನಿನ ಚಳಿ. ಸ್ನೋ ಬೀಳುವಾಗ ಸದ್ದೇ ಇರುವುದಿಲ್ಲ ಅಂತೆ. ಕಂಪ್ರೆಸರ್ ಇಲ್ಲದ ಚಳಿಯಲ್ಲಿ ಒಂದು ರಾತ್ರಿ ಮಲಗಬೇಕು ನನಗೆ.”

ಹತ್ತು ವರ್ಷದ ಇಸಾಬೆಲ್ ತಟ್ಟೆ ಬಿಟ್ಟು ಎದ್ದು ಅಪ್ಪನ ಕೊರಳಿಗೆ ಜೋತುಬಿದ್ದಿದ್ದಳು. ಫೆಬ್ರವರಿಯ ರಜೆಗೆ ಜಾರ್ಜಿಯಾಕ್ಕೆ ಟಿಕೆಟಾಯಿತು. ಅಲ್ಲಿಯ ಬೆಟ್ಟದಲ್ಲಿ ಗೈಡಿನ ಜೊತೆ ಒಂದು ರಾತ್ರಿ ಡೇರೆ. ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಹಿಮದಲ್ಲಿ ಹತ್ತಿಬಟ್ಟೆ ಹಾಕಬಾರದು, ಬೆವರು ಹೀರಿ ಒದ್ದೆಯಾಗಿ ಕೊಲ್ಲುತ್ತದೆ, ಉಣ್ಣೆಯೇ ಆಗಬೇಕು. ಚಳಿ ಬರುವುದು ಮೇಲಿನಿಂದಲ್ಲ, ನೆಲದಿಂದ. ಅಡಿಗೆ ಎರಡು ಚಾಪೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಬೇಕು, ಯಾಕೆಂದರೆ ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ. ನಾಳೆಯ ಸಾಕ್ಸನ್ನು ಇವತ್ತು ಹೊಟ್ಟೆಯ ಮೇಲಿಟ್ಟುಕೊಂಡು ಮಲಗಬೇಕು. ಮಲಗುವ ಮೊದಲು ಮೂತ್ರಕ್ಕೆ ಹೋಗಿ ಬರಬೇಕು, ತುಂಬಿದ ಮೂತ್ರಚೀಲವನ್ನು ಬಿಸಿಯಾಗಿಡಲು ಮೈ ಸುಮ್ಮನೆ ದುಡಿಯುತ್ತದೆ. ಈ ಕೊನೆಯದನ್ನು ಇಸಾಬೆಲ್ ಶಾಲೆಯಲ್ಲಿ ಟೀಚರಿಗೂ ಹೇಳಿ ಬೈಸಿಕೊಂಡಿದ್ದಳು.

ಡೇರೆ ಬಂದ ದಿನ ಬಾವಾಕನೂ ಮನೆಗೆ ಬಂದಿದ್ದರು. ಅಹ್ಮದ್ ಬಾವಾ ಅದೇ ಕಂಪನಿಯ ಡ್ರೈವರು, ಬಂಟ್ವಾಳದ ಕಡೆಯವರು, ಅರುವತ್ತು ದಾಟಿದವರು, ಊರಿನ ರೂಢಿಯಂತೆ ಕ್ರೈಸ್ತ ಗಂಡಸರನ್ನು ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮನೆಂದೂ ಕರೆಯುವವರು. ಚಳಿಗಾಲದ ಮೂರು ತಿಂಗಳು ಮಾಲೀಕರು ಮರುಭೂಮಿಯಲ್ಲಿ ಹೂಡಿಸುವ ಕ್ಯಾಂಪಿನ ಕಾವಲೂ ಅಡುಗೆಯೂ ಅವರದೇ. ಡೇರೆಯ ಅಂಚಿಗೆ ಸುತ್ತಲೂ ಹೊಲಿದಿದ್ದ ಅಗಲದ ಪಟ್ಟಿಯನ್ನು ಎತ್ತಿ ನೋಡಿ ಕೇಳಿದ್ದರು: “ಇದೆಂತ ಪೊರ್ಬುಗಳೇ, ಡೇರೆಗೆ ಲಂಗ?”

“ಅದರ ಮೇಲೆ ಸ್ನೋ ರಾಶಿ ಹಾಕುವುದು ಬಾವಾಕ. ಅಡಿಯಿಂದ ಗಾಳಿ ನುಗ್ಗುವುದಿಲ್ಲ.”

“ಅಲ್ಲ, ನಿಮಗೆ ಕಂಪನಿಯವರು ಸಂಬಳ ಕೊಟ್ಟು ಚಳಿ ಕೊಡ್ತಾರೆ. ನೀವು ಕೈಯಿಂದ ದುಡ್ಡು ಹಾಕಿ ಇನ್ನೂ ಸ್ವಲ್ಪ ಚಳಿ ತರಲಿಕ್ಕೆ ಹೋಗುವುದಾ? ಬಾಯಮ್ಮ, ಇವರಿಗೆ ಒಮ್ಮೆ ಮಂತ್ರಿಸಿದ ನೂಲು ಕಟ್ಟಿಸಿ.”

ಮೂವರೂ ನಕ್ಕಿದ್ದರು. ನಮ್ಮ ಕ್ಯಾಂಪಿನ ಪಕ್ಕದ ಮರಳಿನಲ್ಲಿ ಒಂದು ರಾತ್ರಿ ಅಭ್ಯಾಸ ಮಾಡಿ ಎಂದು ಹೇಳಿದವರೂ ಅವರೇ. ಹಿಮದಲ್ಲಿ ಗೂಟ ನಿಲ್ಲುವುದಿಲ್ಲ, ಮರಳಿನಲ್ಲೂ ನಿಲ್ಲುವುದಿಲ್ಲ. ಹಿಮವನ್ನೋ ಮರಳನ್ನೋ ಚೀಲಕ್ಕೆ ತುಂಬಿ ಹೂತು, ಅದಕ್ಕೆ ಡೇರೆಯ ಹಗ್ಗ ಬಿಗಿಯಬೇಕು. ಜನವರಿಯ ಕೊನೆಗೆ ಮರುಭೂಮಿಯ ರಾತ್ರಿ ಮೂರು ನಾಲ್ಕು ಡಿಗ್ರಿಗೆ ಇಳಿಯುತ್ತದೆ. ಇದಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿ ಸಿಗಬೇಕು ಎಂದು ಡೋಲ್ಫಿಗೂ ಅನ್ನಿಸಿತ್ತು. “ನೀನೂ ಬಾ” ಎಂದು ಕರೆದಿದ್ದ. “ಎಸಿ ಇಪ್ಪತ್ತೆರಡಕ್ಕೆ ಇಟ್ಟರೆ ಎರಡು ಕಂಬಳಿ ಹೊದೆಯುವವಳು ನಾನು. ನಿಮಗೆ ದೋಸೆ ಮಾಡಿಡುತ್ತೇನೆ, ಹೋಗಿ” ಎಂದು ರೆಜಿನಾ ಇಬ್ಬರನ್ನೂ ಕಳಿಸಿಕೊಟ್ಟಿದ್ದಳು.

ಟ್ಯಾಕ್ಸಿ ಆಸ್ಪತ್ರೆಯ ತುರ್ತು ವಿಭಾಗದ ಮುಂದೆ ನಿಂತಿತು.

ಒಳಗೆ ಮೊದಲು ಕಣ್ಣಿಗೆ ಬಿದ್ದವಳು ಇಸಾಬೆಲ್. ಗಾಲಿಮಂಚದ ಮೇಲೆ ಕೂತಿದ್ದಳು, ಮೂಗು ಬಾಯಿಗೆ ಆಮ್ಲಜನಕದ ಮಾಸ್ಕು, ಕಾಲಿನಲ್ಲಿ ದಪ್ಪ ಉಣ್ಣೆಯ ಸಾಕ್ಸು, ಅದರ ತುಂಬ ಮರಳು. ರೆಜಿನಾ ಅವಳನ್ನು ಎದೆಗೆ ಒತ್ತಿಕೊಂಡಳು. ಮಗು ಅಳಲಿಲ್ಲ. ಅಮ್ಮನ ಬೆನ್ನಿಗೆ ಕೈ ಕೂಡ ಹಾಕಲಿಲ್ಲ. ಕೋಲಿನ ಹಾಗೆ ಕೂತೇ ಇದ್ದಳು.

“ಬಂದಾಗಿನಿಂದ ಒಂದು ಶಬ್ದ ಮಾತಾಡಲಿಲ್ಲ,” ಎಂದಳು ನರ್ಸು ಫ್ರೀಡಾ. ಅವಳು ಕಿನ್ನಿಗೋಳಿಯವಳು, ಇಗರ್ಜಿಯ ಪರಿಚಯ. “ಮೈಗೆ ಏನೂ ತೊಂದರೆ ಇಲ್ಲ ರೆಜಿನಾ ಬಾಯ್. ಇವಳು ಡೇರೆಯ ಬಾಗಿಲ ಸಂದಿಗೆ ಮುಖ ಕೊಟ್ಟು ಮಲಗಿದ್ದಳಂತೆ. ಅದು ದೇವರು ಕಾದದ್ದು. ಡೋಲ್ಫಿ ಒಳಗೆ ಇದ್ದಾರೆ, ಬನ್ನಿ.”

ಡೋಲ್ಫಿಯ ಮುಖ ಬಿಳುಚಿರಲಿಲ್ಲ, ಕೆಂಪಗಿತ್ತು, ಬಿಸಿಲಿನಲ್ಲಿ ಆಡಿ ಬಂದವನ ಹಾಗೆ. ಹೆಸರು ಹಿಡಿದು ಕೂಗಿದರೆ ರೆಪ್ಪೆ ಅದುರುತ್ತಿತ್ತು. ಅಷ್ಟೇ. ಈಜಿಪ್ಟಿನ ಡಾಕ್ಟರು ತಾಳ್ಮೆಯ ಮನುಷ್ಯ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಫ್ರೀಡಾ ಕೊಂಕಣಿಯಲ್ಲಿ ಇನ್ನೊಮ್ಮೆ ಹೇಳಿದಳು, ಯಾಕೆಂದರೆ ಗಾಬರಿಯಲ್ಲಿ ರೆಜಿನಾಳ ಕಿವಿಗೆ ಇಂಗ್ಲಿಷು ಇಳಿಯುತ್ತಿರಲಿಲ್ಲ. ಕೆಂಡದ ವಿಷಗಾಳಿಗೆ ವಾಸನೆಯಿಲ್ಲ, ಹೊಗೆಯಿಲ್ಲ. ಸ್ವಲ್ಪ ಹೊತ್ತು ಕುಡಿದಿದ್ದರೆ ಈ ಮಾಸ್ಕಿನ ಆಮ್ಲಜನಕವೇ ಸಾಕು, ಮಧ್ಯಾಹ್ನಕ್ಕೆ ಏಳುತ್ತಾರೆ. ಇಡೀ ರಾತ್ರಿ ಕುಡಿದಿದ್ದರೆ ಮಿದುಳಿಗೆ ಪೆಟ್ಟಾಗುವ ಭಯ. ಆಗ ಒತ್ತಡದಲ್ಲಿ ಆಮ್ಲಜನಕ ಕೊಡುವ ಕೋಣೆಯಿರುವ ಬೇರೆ ಆಸ್ಪತ್ರೆಗೆ ಒಯ್ಯಬೇಕು. ಆದರೆ ಬಿಪಿ ತೀರಾ ಇಳಿದಿದೆ, ಈ ಸ್ಥಿತಿಯಲ್ಲಿ ದಾರಿಯೇ ಒಂದು ಅಪಾಯ. ಆಂಬುಲೆನ್ಸಿನಲ್ಲೇ ಆಮ್ಲಜನಕ ಕೊಟ್ಟದ್ದರಿಂದ ರಕ್ತಪರೀಕ್ಷೆಯೊಂದೇ ಪೂರ್ತಿ ಕಥೆ ಹೇಳುವುದಿಲ್ಲ.

“ಎಷ್ಟು ಗಂಟೆ ಹೊತ್ತು?” ಡಾಕ್ಟರು ಕೇಳಿದರು. “ಒಂದಾ, ಆರಾ? ಅದು ಗೊತ್ತಾದರೆ ನನಗೆ ಸುಲಭ. ಬೇಗ ಗೊತ್ತಾಗಬೇಕು.”

ಹೊರಗೆ ಬೆಂಚಿನ ಮೇಲೆ ಬಾವಾಕ ತಲೆಗೆ ಕೈಹೊತ್ತು ಕೂತಿದ್ದರು. ರೆಜಿನಾಳನ್ನು ಕಂಡು ಎದ್ದು ನಿಂತರು.

“ಕೆಂಡ ಕೊಟ್ಟದ್ದು ನಾನೇ ಬಾಯಮ್ಮ. ಹತ್ತು ಗಂಟೆಗೆ. ಪೊರ್ಬುಗಳು ಬೇಡ ಬೇಡ ಅಂದರು. ಮಗುವಿನ ಮಲಗುವ ಚೀಲ ತಣ್ಣಗೆ ಉಂಟು, ಹತ್ತು ನಿಮಿಷ ಇಟ್ಟು ಹೊರಗೆ ಇಡಿ ಅಂತ ನಾನೇ ಚಿಕ್ಕ ಒಲೆಯಲ್ಲಿ ಹಾಕಿಕೊಟ್ಟೆ. ನಮ್ಮ ದೊಡ್ಡ ಡೇರೆಯಲ್ಲಿ ದಿನಾ ಇಡ್ತೇವೆ ಅಲ್ವಾ. ಅದರಲ್ಲಿ ನೂರು ಸಂದಿ. ಇದು ಲಂಗದ ಡೇರೆ ಅಂತ ನನ್ನ ಮಂಡೆಗೆ ಹೋಗಲಿಲ್ಲ. ಸಂಜೆ ನಾವೇ ಕೂತು ಆ ಲಂಗದ ಮೇಲೆ ಮರಳು ಹಾಕಿ ತಟ್ಟಿದ್ದು.”

“ಮೇಲೆ ಎರಡು ಸಣ್ಣ ಕಿಟಕಿ ಉಂಟಲ್ಲ, ಬಾವಾಕ? ಅದು?”

“ಕೆಂಡ ಇಡುವಾಗ ತೆರೆದಿತ್ತು. ನಾನೇ ಕಣ್ಣಾರೆ ನೋಡಿದ್ದೇನೆ. ಬೆಳಗ್ಗೆ ಐದಕ್ಕೆ ನಮಾಜಿಗೆ ಎದ್ದಾಗ ಈ ಮಗು ಹೊರಗೆ ಮೊಣಕಾಲೂರಿ ವಾಂತಿ ಮಾಡ್ತಾ ಇತ್ತು. ಒಳಗೆ ಹೋಗಿ ನೋಡ್ತೇನೆ, ಎರಡೂ ಮುಚ್ಚಿತ್ತು. ಒಳಗಿನಿಂದ.” ಬಾವಾಕ ದನಿ ತಗ್ಗಿಸಿದರು. “ಆರು ಗಂಟೆ ಅಂತ ಹೇಳಿಬಿಡುವ. ಹೆಚ್ಚು ಹೇಳಿದರೆ ಒಳ್ಳೆಯದೇ ಅಲ್ವಾ?”

“ಸುಳ್ಳು ಹೇಳಿ ದಾರಿಯಲ್ಲಿ ಏನಾದರೂ ಆದರೆ?”

ಬಾವಾಕ ಮತ್ತೆ ಕೂತರು.

ಕಿಟಕಿ ಮುಚ್ಚಿದ್ದು ಡೋಲ್ಫಿ ಅಲ್ಲ. ಅದರಲ್ಲಿ ರೆಜಿನಾಳಿಗೆ ಅನುಮಾನವೇ ಇರಲಿಲ್ಲ. ಡೇರೆಯ ಕಿಟಕಿ ಯಾವ ಕಾರಣಕ್ಕೂ ಮುಚ್ಚಬಾರದು ಎಂದು ತಿಂಗಳಿಡೀ ಉಪದೇಶ ಮಾಡಿದವನು ಅವನು. ಉಳಿದವಳು ಒಬ್ಬಳೇ. ಮುಚ್ಚುವ ಬುದ್ಧಿ ಅವಳಿಗೆ ಎಲ್ಲಿಂದ ಬಂತೆಂದೂ ರೆಜಿನಾಳಿಗೆ ಗೊತ್ತಿತ್ತು. ಕೋಲ್ಡ್ ಸ್ಟೋರೇಜಿನಲ್ಲಿ ಬಾಗಿಲು ತೆರೆದಿಡುವುದಕ್ಕಿಂತ ದೊಡ್ಡ ಪಾಪವಿಲ್ಲ. ಅರ್ಧ ನಿಮಿಷ ತಡವಾದರೆ ಸೈರನ್ನು ಕೂಗುತ್ತದೆ. ಆ ಶಿಸ್ತನ್ನು ಡೋಲ್ಫಿ ಮನೆಗೂ ತಂದಿದ್ದ. ಬಾಲ್ಕನಿಯ ಬಾಗಿಲು, ಫ್ರಿಜ್ಜಿನ ಬಾಗಿಲು, ಎಸಿ ಕೋಣೆಯ ಬಾಗಿಲ ಕೆಳಗಿನ ಸಂದಿ, ಎಲ್ಲದಕ್ಕೂ ಇಸಾಬೆಲ್ಲೇ ಇನ್‌ಚಾರ್ಜ್. ಮುಚ್ಚಿದಾಗಲೆಲ್ಲ ಶಭಾಸ್ ಸಿಕ್ಕ ಕೈಗಳು ಅವು.

ಗಡಿಯಾರ ಎಂಟಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ಹೋಗಿ ಭುಜ ಹಿಡಿದು ಅಲ್ಲಾಡಿಸಿ ಕೇಳಬಹುದಿತ್ತು: ಮುಚ್ಚಿದ್ದು ನೀನಾ, ಎಷ್ಟು ಹೊತ್ತಿಗೆ? ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಹತ್ತು ವರ್ಷ ಸಾಕಿದ ಮಗಳ ಸ್ವಭಾವ ತಾಯಿಗೆ ತಿಳಿಯದೆ ಇರುತ್ತದೆಯೇ? ಹಿಂಡಿ ಕೇಳಿದರೆ ಅವಳು ಇಲ್ಲ ಎನ್ನುತ್ತಾಳೆ, ಒಮ್ಮೆ ಇಲ್ಲ ಎಂದರೆ ಆ ಇಲ್ಲವನ್ನೇ ಹಿಡಿದುಕೊಂಡು ಕೂರುತ್ತಾಳೆ. ಡಾಕ್ಟರಿಗೆ ಗಂಟೆ ಸಿಗುವುದಿಲ್ಲ. ಹೌದು ಎಂದರೂ, ಆ ಹೌದನ್ನು ತಾಯಿಯೇ ಅವಳ ಬಾಯಿಯಿಂದ ಕಿತ್ತ ಹಾಗಾಗುತ್ತದೆ. ಅದು ಮಗುವಿನ ಎದೆಯಿಂದ ಜನ್ಮದಲ್ಲಿ ಹೋಗುವುದಿಲ್ಲ. ಕೇಳದೆ ಕಾದರೆ ಒಳಗೆ ಮಲಗಿದವನ ಹೊತ್ತು ಕಳೆಯುತ್ತದೆ. ಎರಡೂ ಕಡೆ ತನ್ನದೇ ಕರುಳು.

ಅವಳು ಮಗಳ ಪಕ್ಕ ಕೂತು ಒಂದು ಕಾಲನ್ನು ಮಡಿಲಿಗೆ ಎಳೆದುಕೊಂಡಳು. ಸಾಕ್ಸು ಬಿಚ್ಚಿ ಮರಳು ಕೊಡವಿದಳು. ಬೆರಳ ಸಂದಿಗಳನ್ನು ಸೆರಗಿಲ್ಲದ ಕೋಟಿನ ತುದಿಯಿಂದ ಒಂದೊಂದಾಗಿ ಒರೆಸತೊಡಗಿದಳು.

“ಚಳಿ ಇತ್ತಾ ಬಾಯ್ ರಾತ್ರಿ?” ಕೊಂಕಣಿಯಲ್ಲಿ ಮಗಳನ್ನು ಮುದ್ದಿಗೆ ಕರೆಯುವ ಹಾಗೆಯೇ ಕರೆದು ಕೇಳಿದಳು.

ಇಸಾಬೆಲ್ ಗೋಡೆಯ ಕಡೆ ನೋಡಿದಳು.

“ಇದ್ದಿರಬೇಕು. ನಾಲ್ಕು ಡಿಗ್ರಿ ಅಂತ ಡ್ಯಾಡಿ ಮೆಸೇಜು ಹಾಕಿದ್ದರು. ಎರಡು ಚಾಪೆ ಹಾಕಿದ್ದಿರಾ ಅಡಿಗೆ?”

ಇಸಾಬೆಲ್ ತಲೆಯಾಡಿಸಿದಳು. ಒಂದೇ ಸಲ, ಸಣ್ಣಗೆ.

“ಬಾಟಲಿ ತಲೆಕೆಳಗೆ?”

ಮತ್ತೆ ತಲೆಯಾಡಿಸಿದಳು.

“ಸೂಸೂಗೆ ಹೋಗಿ ಬಂದಿರಾ, ಇಲ್ಲ ಟೀಚರಿಗೆ ಹೇಳಿದ್ದು ಮಾತ್ರವಾ?”

ಮಗುವಿನ ತುಟಿ ಮಾಸ್ಕಿನೊಳಗೆ ಒಂದು ಚೂರು ಅಲುಗಿತು. ನಗುವಿಗೂ ಅಳುವಿಗೂ ನಡುವಿನ ಅಲುಗಾಟ. ಬಾವಾಕ ಬಾಗಿಲ ಬಳಿ ಬಂದು ನಿಂತರು, ಏನೋ ಹೇಳಲು ಬಾಯಿ ತೆರೆದರು. ರೆಜಿನಾ ಕಣ್ಣಿನಲ್ಲೇ ತಡೆದಳು. ಒಳಗಿನಿಂದ ಯಾವುದೋ ಯಂತ್ರ ಬೀಪ್ ಬೀಪ್ ಎಂದು ಜೋರಾಗಿ ಕೂಗಿ, ಯಾರೋ ಓಡಿದ ಸದ್ದಾಗಿ, ಮತ್ತೆ ನಿಂತಿತು. ಅವಳಿಗೆ ಎದ್ದು ಓಡಬೇಕೆನ್ನಿಸಿತು. ಏಳಲಿಲ್ಲ. ಎರಡನೆಯ ಕಾಲನ್ನು ಎತ್ತಿಕೊಂಡಳು.

“ಡ್ಯಾಡಿ ಬೇಗ ಮಲಗಿದರಾ? ವಾರವಿಡೀ ನೈಟ್ ಡ್ಯೂಟಿ ಮಾಡಿದ್ದರು ಪಾಪ. ತಲೆ ಇಟ್ಟ ಕೂಡಲೇ ಗೊರಕೆ ಹೊಡೆದಿರಬೇಕು.”

ಇಸಾಬೆಲ್ ಮಾಸ್ಕನ್ನು ಕೆಳಗೆ ಎಳೆದಳು.

“ಎ ಲಾಟ್,” ಎಂದಳು. ದನಿ ಒಣಗಿ ಬಿರುಕು ಬಿಟ್ಟಿತ್ತು. “ಸ್ಟೋರಿ ಹೇಳ್ತೇನೆ ಅಂದರು. ಹೇಳಲಿಲ್ಲ. ಸ್ಲೆಪ್ಟ್.”

“ಮತ್ತೆ ನೀನು ಒಬ್ಬಳೇ ಎಚ್ಚರ.”

“ಮೇಲಿನಿಂದ ಗಾಳಿ ಬರ್ತಾ ಇತ್ತು. ನನ್ನ ಮುಖಕ್ಕೆ. ಡ್ಯಾಡಿ ಮುಖಕ್ಕೂ. ಒಲೆ ಇತ್ತು, ಆದರೆ ಬಿಸಿ ಎಲ್ಲ ಹೊರಗೆ ಹೋಗ್ತಾ ಇತ್ತು.” ಅವಳು ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದಳು. “ಕಿಟಕಿ ಮುಚ್ಚಬಾರದು ಅಂತ ಡ್ಯಾಡಿ ಹೇಳಿದ್ದು ಸ್ನೋದಲ್ಲಿ. ನಮ್ಮ ಉಸಿರು ನೀರಾಗಿ ಮಲಗುವ ಚೀಲ ಒದ್ದೆ ಆಗ್ತದೆ ಅಂತ. ಇಲ್ಲಿ ಸ್ನೋ ಇಲ್ಲ ಅಲ್ವಾ ಮಮ್ಮಿ. ಮರಳು ಮಾತ್ರ ಅಲ್ವಾ.”

ಹೌದು, ಡೋಲ್ಫಿ ಅಷ್ಟೇ ಹೇಳಿದ್ದ. ಡೇರೆಯೊಳಗೆ ಬೆಂಕಿ ತರುವ ಯೋಚನೆಯೇ ಇರಲಿಲ್ಲವಾದ್ದರಿಂದ ಬೆಂಕಿಯ ಪಾಠವನ್ನು ಯಾರಿಗೂ ಮಾಡಿರಲಿಲ್ಲ.

“ಆಗ ಎಷ್ಟು ಹೊತ್ತಾಗಿತ್ತು ಬಾಯ್? ನೆನಪುಂಟಾ? ಇಲ್ಲದಿದ್ದರೆ ತೊಂದರೆ ಇಲ್ಲ.”

“ಟೆನ್ ಟ್ವೆಂಟಿ. ಡ್ಯಾಡಿ ಫೋನಿನಲ್ಲಿ ನೋಡಿದೆ. ನಿಮಗೆ ಗುಡ್ ನೈಟ್ ಕಳಿಸುವ ಅಂತ ತೆಗೆದದ್ದು. ಮತ್ತೆ ನಿಮ್ಮನ್ನು ಎಬ್ಬಿಸುವುದು ಬೇಡ ಅಂತ ಕಳಿಸಲಿಲ್ಲ. ಆಮೇಲೆ ಎರಡೂ ಮುಚ್ಚಿದೆ. ಬಾಗಿಲಿನ ಜಿಪ್ಪೂ ಕೆಳಗಿನವರೆಗೆ ಹಾಕಿದೆ. ಸ್ವಲ್ಪ ಉಳಿಯಿತು, ಅದು ಮರಳಿಗೆ ಸಿಕ್ಕಿ ಬರಲಿಲ್ಲ.”

ಹತ್ತೂ ಇಪ್ಪತ್ತರಿಂದ ಐದು. ರೆಜಿನಾ ಮುಖವೆತ್ತಿದಳು. ಬಾಗಿಲಲ್ಲಿ ನಿಂತಿದ್ದ ಬಾವಾಕನಿಗೆ ಏನನ್ನೂ ಹೇಳಬೇಕಾಗಲಿಲ್ಲ. ಅರುವತ್ತು ದಾಟಿದ ಆ ಮನುಷ್ಯ ಚಪ್ಪಲಿ ಕಳಚಿದ್ದನ್ನೂ ಲೆಕ್ಕಿಸದೆ ಡಾಕ್ಟರ ಕೋಣೆಯ ಕಡೆ ಓಡಿದರು. “ಯಾ ದಕ್ತೂರ್, ಯಾ ದಕ್ತೂರ್” ಎಂದು ಅವರು ಕೂಗುವುದು ಕೇಳಿಸಿತು. ನಂತರ ಫ್ರೀಡಾಳ ಸ್ವರ, ನಂತರ ಡಾಕ್ಟರ ಸ್ವರ, ಅರಬಿಯಲ್ಲಿ ಯಾರಿಗೋ ಫೋನು.

ಎಲ್ಲವೂ ಬೇಗ ಬೇಗ ನಡೆಯಿತು. ಆರೂವರೆ ಗಂಟೆಗೂ ಹೆಚ್ಚು ಹೊತ್ತು ಕುಡಿದಿದ್ದರೆ ಕಾಯುವ ಮಾತೇ ಇಲ್ಲ ಎಂದು ಡಾಕ್ಟರು ಬಂದು ಹೇಳಿದರು. ಬಿಪಿ ಏರಿಸುವ ಔಷಧ ಹಚ್ಚಿಕೊಂಡೇ ಒಯ್ಯುವುದು, ತಾನೂ ಜೊತೆಗೆ ಬರುವುದು. “ನಿಮ್ಮ ಮಗಳು ಸರಿಯಾದ ಗಂಟೆ ಹೇಳಿದ್ದು ಒಳ್ಳೆಯದಾಯಿತು” ಎಂದು ಇಸಾಬೆಲ್‌ಳ ತಲೆಯ ಮೇಲೆ ಕೈಯಿಟ್ಟರು. ಅವಳು ತಲೆ ತಗ್ಗಿಸಿ ಆ ಕೈಯಿಂದ ಸರಿದುಕೊಂಡಳು.

ಡೋಲ್ಫಿಯ ಮಂಚ ಅವರ ಮುಂದಿನಿಂದಲೇ ಹಾದುಹೋಯಿತು. ಮೈಮೇಲೆ ಆಸ್ಪತ್ರೆಯ ಬಿಳಿ ಚಾದರ, ಕೈಗೆ ಎರಡು ನಳಿಗೆ. ರೆಜಿನಾ ಎದ್ದು ಅವನ ಪಾದ ಮುಟ್ಟಿದಳು. ಹತ್ತೊಂಬತ್ತು ವರ್ಷದ ಚಳಿಗೆ ಒಡೆದ ಹಿಮ್ಮಡಿ. ಅವನ ಹೆಬ್ಬೆರಳು ಕೊಂಚ ಮಡಚಿತೋ, ಮಂಚವೇ ಕುಲುಕಿತೋ, ತಿಳಿಯಲಿಲ್ಲ. ಗಾಲಿಗಳು ನಿಲ್ಲಲಿಲ್ಲ.

“ಬಾಯಮ್ಮ, ನೀವು ಪೊರ್ಬುಗಳ ಜೊತೆ ಹತ್ತಿ,” ಎಂದರು ಬಾವಾಕ. “ಮಗುವಿನ ಹತ್ತಿರ ನಾನು ಇರ್ತೇನೆ.”

ಅವಳು ಎರಡು ಹೆಜ್ಜೆ ಹೋದಳು. ಹಿಂದಿನಿಂದ ಕೋಟನ್ನು ಯಾರೋ ಹಿಡಿದರು. ಇಷ್ಟು ಹೊತ್ತು ಕೋಲಿನ ಹಾಗಿದ್ದ ಮಗು ಮಂಚದಿಂದ ಇಳಿದು, ಬರಿಗಾಲಿನಲ್ಲಿ ತಣ್ಣನೆಯ ನೆಲದ ಮೇಲೆ ನಿಂತು, ಎರಡೂ ಕೈಯಲ್ಲಿ ಕೋಟನ್ನು ಮುದ್ದೆ ಮಾಡಿ ಹಿಡಿದುಕೊಂಡಿತ್ತು. ಮಾಸ್ಕು ಕೊರಳಲ್ಲಿ ನೇತಾಡುತ್ತಿತ್ತು. ಹೊರಗೆ ಆಂಬುಲೆನ್ಸಿನ ಬಾಗಿಲು ತೆರೆದ ಸದ್ದು. ರೆಜಿನಾ ಅಲ್ಲಿಯೇ ಮೊಣಕಾಲೂರಿ ಕೂತಳು. ಮುಖದ ಎತ್ತರಕ್ಕೆ ಮುಖ ತಂದಳು. ಮಗಳ ಬಾಯಿಂದ ಬರಲಿರುವ ಮಾತು ಏನೆಂದು ಅವಳಿಗೆ ಗೊತ್ತಿತ್ತು, ಆದರೂ ಮುಂಚಿತವಾಗಿ ಸಮಾಧಾನ ಹೇಳಿ ಆ ಮಾತಿಗೆ ಅಡ್ಡ ಬರಲಿಲ್ಲ.

“ಹೇಳು ಪುತಾ.”

ಇಸಾಬೆಲ್ ಮೊದಲು ಇಂಗ್ಲಿಷಿನಲ್ಲಿ ಏನೋ ಶುರುಮಾಡಿ ನಿಲ್ಲಿಸಿದಳು. ಆಂಬುಲೆನ್ಸಿನ ಕಡೆ ನೋಡಿದಳು. ಆಮೇಲೆ ಅಮ್ಮನ ಕಣ್ಣನ್ನೇ ನೋಡಿಕೊಂಡು, ಒಂದೊಂದೇ ಶಬ್ದವನ್ನು ಹುಡುಕಿ ಹುಡುಕಿ ಕೇಳಿದಳು.

“ನಾನು ಮುಚ್ಚದೆ ಇದ್ದಿದ್ದರೆ, ಮಮ್ಮಿ, ಡ್ಯಾಡಿ ಈಗ ಎದ್ದಿರ್ತಿದ್ದರಾ?”